ಮಸ್ಕಿಯ ವಿಮಾನಕ್ಕೆ ಬಿದ್ದ ನೆದರು

ಹುಲಿಗೇಶನ ಹೊಟ್ಟೆಗೆ ಕಿಚ್ಚು ಹತ್ತಿದ್ದು ಒಂದು ಮೆಹಂದಿ ಕೋನಿನಿಂದ ಅಂದರೆ ನಂಬುತ್ತೀರಾ? ನಂಬಲೇಬೇಕು. ಅಲ್ಲಿಯವರೆಗೆ ಅದು ಬರೀ ಹೊಗೆಯಾಡುತ್ತಿತ್ತು.

ಸಿಂಧನೂರಿನ ಕುಷ್ಟಗಿ ರಸ್ತೆಯಲ್ಲಿ ಹುಲಿಗೇಶನ ತಗಡಿನ ಅಂಗಡಿ. ಮುಕ್ಕುಂದ, ವಳಕಮದಿನ್ನಿ ಕಡೆಯ ರೈತರು ಭತ್ತ ತುಂಬಿಡುವ ಡ್ರಮ್ಮು ಬೇಕೆಂದರೆ ಅವನಲ್ಲಿಗೇ ಬರುತ್ತಾರೆ. ಅವನು ಬೆಸೆದ ಡ್ರಮ್ಮಿಗೆ ಇಲಿ ಹಲ್ಲು ಹಾಕಿ ನೋಡಿ, ಪಕ್ಕದ ಮನೆಗೆ ಹೋಗಿಬಿಡುತ್ತದೆ. ಅಂಥ ಕೈ. ಆದರೆ ಡ್ರಮ್ಮನ್ನು ಯಾರು ಹೊಗಳುತ್ತಾರೆ ಹೇಳಿ? ತುಂಬಿ ಮೂಲೆಗೆ ನಿಲ್ಲಿಸಿದರೆ ಮುಗಿಯಿತು, ಅದರ ಮೇಲೆ ಹಾಸಿಗೆ ಒಟ್ಟುತ್ತಾರೆ. ತಾನು ಮಾಡಿದ ಒಂದಾದರೂ ವಸ್ತುವನ್ನು ಮಂದಿ ಕತ್ತೆತ್ತಿ ನೋಡಬೇಕು ಅನ್ನುವ ಆಸೆ ಹುಲಿಗೇಶನಿಗೆ ಬಹಳ ವರ್ಷಗಳಿಂದ ಇತ್ತು. ಹೆಂಡತಿ ನಾಗವೇಣಿಗೂ ಅದನ್ನು ಹೇಳಿರಲಿಲ್ಲ.

ಆ ಅವಕಾಶ ಲಿಂಗಸುಗೂರಿನಿಂದ ಬಂತು. ಅಲ್ಲಿಯ ಗ್ಯಾನಪ್ಪನವರು ಹರೆಯದಲ್ಲಿ ವಾಯುಸೇನೆ ಸೇರಿದವರು. ಎಪ್ಪತ್ತೊಂದರ ಯುದ್ಧದ ಕಾಲಕ್ಕೆ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನಕ್ಕೆ ಎಣ್ಣೆ ತುಂಬಿ, ಗಾಲಿ ಬದಲಿಸಿ, ಒರೆಸಿ ಮೇಲೆ ಕಳಿಸುತ್ತಿದ್ದವರು. ಈಗ ಮಾಜಿ ಸೈನಿಕರೆಲ್ಲ ಸೇರಿ ಸಿಂಧನೂರಿನಲ್ಲಿ ಒಂದು ಭವನ ಕಟ್ಟಿಸಿದ್ದರು. ಅದರ ಕಮಾನಿನ ಮೇಲೆ ಒಂದು ನ್ಯಾಟ್ ನಿಲ್ಲಬೇಕು, ಅಸಲಿಯ ಅರ್ಧದಷ್ಟಾದರೂ ದೊಡ್ಡದಿರಬೇಕು ಎಂದು ಗ್ಯಾನಪ್ಪನವರ ಹಟ. ಇಬ್ಬರನ್ನು ಕರೆಸಿದರು. ಒಬ್ಬ ಹುಲಿಗೇಶ. ಇನ್ನೊಬ್ಬ ಮಸ್ಕಿಯ ಮೌಲಾಹುಸೇನ. ಲಾರಿ, ಬಸ್ಸುಗಳಿಗೆ ಬಣ್ಣ ಹೊಡೆಯುವವನು, ಹುಲಿಗೇಶನಿಗಿಂತ ಹತ್ತು ವರ್ಷ ಚಿಕ್ಕವನು.

"ಇಬ್ಬರೂ ಮಾಡ್ರೆಪಾ. ಸಾಮಾನು ಸಂಘದ್ದು," ಎಂದರು ಗ್ಯಾನಪ್ಪನವರು. "ಯಾವುದು ನನ್ನ ನ್ಯಾಟ್‌ನಂಗ ಕಾಣತದ, ಅದನ್ನ ಕಮಾನಿಗೆ ಏರಸತೀನಿ."

ಇಬ್ಬರಿಗೂ ಒಂದೊಂದು ಫೋಟೋ ಕೊಟ್ಟರು. ಪಕ್ಕದಿಂದ ತೆಗೆದದ್ದು. ಮೂಗಿನಿಂದ ಬಾಲದವರೆಗೆ ಎಲ್ಲ ಕಾಣುತ್ತದೆ, ರೆಕ್ಕೆ ಮಾತ್ರ ಒಂದು ಗೆರೆಯಂತೆ ಕಾಣುತ್ತದೆ.

ಆಮೇಲೆ ಒಂದು ದಿನ ಹುಲಿಗೇಶ ಡ್ರಮ್ಮು ಇಳಿಸಲು ಲಿಂಗಸುಗೂರಿಗೆ ಹೋದವನು ಗ್ಯಾನಪ್ಪನವರ ಮನೆಗೂ ಹೋದ. ಅವರು ಚಹಾ ಹೇಳಲು ಒಳಗೆ ಹೋದಾಗ ಗೋಡೆಯ ಮೇಲೊಂದು ಹಳೆಯ ಪಟ ಕಂಡಿತು. ಮೀಸೆ ಚಿಗುರಿದ ಗ್ಯಾನಪ್ಪ, ಹಿಂದೆ ನ್ಯಾಟ್, ಎದುರಿನಿಂದ ತೆಗೆದದ್ದು. ತಗಡಿನವನ ಕಣ್ಣು ಸುಮ್ಮನಿರುತ್ತದೆಯೇ? ಎರಡೂ ರೆಕ್ಕೆ ಬುಡದಿಂದ ತುದಿಗೆ ಹೋಗುತ್ತ ಸ್ವಲ್ಪವೇ ಕೆಳಗೆ ಇಳಿದಿದ್ದವು. ಹುಲಿಗೇಶ ಅದನ್ನು ನೋಡಿದ, ಚಹಾ ಕುಡಿದ, ಬಾಯಿ ಬಿಡದೆ ಬಂದ. ಊರಿಗೆ ಬಂದವನೇ ರೆಕ್ಕೆಗಳನ್ನು ಹೊತ್ತ ಚೌಕ್ ಪೈಪನ್ನು ನಡುವೆ ಕತ್ತರಿಸಿ, ಇಳಿಜಾರು ಕೊಟ್ಟು ಬೆಸೆದ. ಆ ಇಳಿಜಾರು ಸರಿ ಬರುವವರೆಗೆ ಎಷ್ಟು ಸಲ ಕಡಿದು ಎಷ್ಟು ಸಲ ಬೆಸೆದನೋ, ಅವನಿಗೇ ಲೆಕ್ಕವಿಲ್ಲ.

ಇತ್ತ ಮಸ್ಕಿಯಿಂದ ಬಂದವರೆಲ್ಲ ಒಂದೇ ಸುದ್ದಿ ತರತೊಡಗಿದರು. ಡ್ರಮ್ಮು ಕೊಳ್ಳಲು ಬಂದವನೂ ಅದನ್ನೇ ಹೇಳಿದ. "ಮಸ್ಕ್ಯಾಗಿನ ವಿಮಾನ ನೋಡೀಯೇನು ಹುಲಿಗೇಶ? ಅದು ಹಾರಲಿಕ್ಕೆ ಪೆಟ್ರೋಲ್ ಒಂದು ಕಡಿಮಿ ಅದ ನೋಡು."

ನಾಗವೇಣಿ ಮಸ್ಕಿಯಲ್ಲಿರುವ ತಂಗಿಯ ಮನೆಗೆ ಹೋಗಿಬಂದು, "ನಿಮ್ಮದು ಗಟ್ಟಿ ಅದರೀ. ಖರೇ ಹೇಳ್ತೀನಿ, ಅವನದು ಚಂದ ಅದ," ಅಂದಳು. ಅಂದು ಹುಲಿಗೇಶ ಎರಡನೆಯ ರೊಟ್ಟಿ ಮುಟ್ಟಲಿಲ್ಲ.

ತಡೆಯಲಾರದೆ ಒಂದು ದಿನ ಮಸ್ಕಿಯ ಬಸ್ಸು ಹತ್ತಿದ. ಬಸ್ ನಿಲ್ದಾಣದ ಹಿಂದೆ ಮೌಲಾಹುಸೇನನ ಶೆಡ್ಡು. ಒಳಗೆ ಕಾಲಿಟ್ಟವನು ಹಾಗೇ ನಿಂತ. ಬೆಳ್ಳಿ ಬಣ್ಣ, ಆದರೆ ಮಿಣಮಿಣ ಹೊಳೆಯುವ ಬೆಳ್ಳಿಯಲ್ಲ, ಬಿಸಿಲಲ್ಲಿ ನಿಂತು ನಿಂತು ಮಾಸಿದ ಬೆಳ್ಳಿ. ಬಾಲದ ಹತ್ತಿರ ಹೊಗೆಯ ಕಪ್ಪು. ಗಾಲಿಯ ಬಳಿ ಎಣ್ಣೆ ಸೋರಿ ಒಣಗಿದ ಕಲೆ. ಗಾಜಿನ ಗೂಡಿನೊಳಗೆ ಪೈಲಟ್ಟಿನ ಕುರ್ಚಿ, ಅದರ ಪಟ್ಟಿ ಸಹ ಬೆವರಿಗೆ ಬಣ್ಣ ಬಿಟ್ಟಂತೆ ಇತ್ತು. ಮೈತುಂಬ ಸಾಸಿವೆ ಕಾಳಿನಷ್ಟು ಮೊಳೆತಲೆಗಳು, ದಾರ ಹಿಡಿದಂತೆ ಸಾಲು ಸಾಲು.

"ಇವನ್ನ ಹೆಂಗ ಹೊಡದಿ?" ಎಂದ ಹುಲಿಗೇಶ. ಕೇಳಬಾರದೆಂದುಕೊಂಡೇ ಬಂದಿದ್ದ.

"ಹೊಡದಿಲ್ಲ ಅಣ್ಣಾ. ಮಹೆಕ್ ಇಟ್ಟಾಳ," ಎಂದು ಮೌಲಾಹುಸೇನ ತಂಗಿಯ ಕಡೆ ಕೈ ತೋರಿಸಿದ. ಆಕೆ ರೆಕ್ಕೆಯ ಕೆಳಗೆ ಕೂತಿದ್ದಳು. ಕೈಯಲ್ಲಿ ಮೆಹಂದಿ ಕೋನು, ಅದರೊಳಗೆ ಗೋಂದು. ಮದುಮಗಳ ಅಂಗೈಗೆ ಚುಕ್ಕೆ ಇಡುವಂತೆ ಒಂದೊಂದೇ ಹನಿ ಹಿಂಡಿ ಇಡುತ್ತಿದ್ದಳು. ಒಣಗಿದ ಮೇಲೆ ಅಣ್ಣ ಬಣ್ಣ ಹೊಡೆದರೆ, ಅದೇ ಮೊಳೆ.

ಹುಲಿಗೇಶನಿಗೆ ತನ್ನ ವಿಮಾನ ನೆನಪಾಯಿತು. ಅದರ ಮೈಗೆ ಅವನು ನಿಜವಾದ ಮೊಳೆಗಳನ್ನೇ ಬಡಿದಿದ್ದ. ಅರ್ಧ ಅಳತೆಯ ವಿಮಾನಕ್ಕೆ ಪೂರ್ತಿ ಅಳತೆಯ ಮೊಳೆ. ಅದಕ್ಕೆ ಸಿಡುಬಿನ ಅಮ್ಮ ಎದ್ದಂತೆ ಕಾಣುತ್ತಿತ್ತು. ಕಿಚ್ಚು ಹತ್ತಿದ್ದು ಆಗ.

ಒಂದು ಸಮಾಧಾನ ಮಾತ್ರ ಸಿಕ್ಕಿತು. ಮುಂದೆ ಬಂದು ನಿಂತು ನೋಡಿದ. ರೆಕ್ಕೆಗಳು ನೆಟ್ಟಗಿದ್ದವು, ಹಲಗೆ ಇಟ್ಟಂತೆ.

"ರೆಕ್ಕಿ ಭಾರಿ ನೆಟ್ಟಗ ಕುಂದ್ರಿಸೀಯಲ್ಲೋ," ಎಂದ, ಜೇನು ಸುರಿಯುವ ದನಿಯಲ್ಲಿ.

"ನೂಲು ಹಿಡದು ನೋಡೀನಿ ಅಣ್ಣಾ."

"ಭಾಳ ಛಲೋ ಆಗ್ಯಾದ. ಭಾಳ ಅಂದ್ರ ಭಾಳ."

ಬಾಗಿಲಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ತಾಯಿ ಮಾಬುಬೀ ಮೊರ ಕೆಳಗಿಟ್ಟಳು. "ಹಂಗ ಬರೇ ಹೊಗಳಿ ಹೋಗಬ್ಯಾಡಪ್ಪ, ನೆದರು ಆಗತದ. ಮೂರು ಸಲ ಥೂ ಥೂ ಅಂದು ಹೋಗು."

ಯಾರದೇ ಕೂಸನ್ನೋ ಎಮ್ಮೆಯನ್ನೋ ಹೊಗಳಿದರೆ ಕೆಟ್ಟ ದೃಷ್ಟಿ ಬೀಳದಿರಲೆಂದು ಹಾಗೆ ಉಗುಳುವುದು ಆ ಕಡೆಯ ರೂಢಿ. ಅದೇನು ಕಷ್ಟದ ಕೆಲಸವಲ್ಲ. ಆದರೆ ಹುಲಿಗೇಶನ ನಾಲಿಗೆ ಏಳಲಿಲ್ಲ.

"ಬಾಯಿ ಒಣಗ್ಯಾದ ಮಾಬಮ್ಮ," ಎಂದವನು ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ.

ಒಂದು ವಾರ ಕಳೆದಿರಲಿಲ್ಲ. ಮಾಬುಬೀ ಸಿಂಧನೂರಿನ ಅಂಗಡಿಯ ಮುಂದೆ ಆಟೋ ಇಳಿದಳು. ನಾಗವೇಣಿ ಚಹಾ ತಂದುಕೊಟ್ಟಳು. ಮಾಬುಬೀ ಬಸಿಯಲ್ಲಿ ಸುರಿದು ಕುಡಿದು, ಬಾಯಿ ಒರೆಸಿಕೊಂಡು, "ತಮ್ಮಾ, ಸಿಟ್ಟಾಗಬ್ಯಾಡ. ನಿನ್ನ ಕಾಲ ಧೂಳು ಒಂದು ಚಿಟಿಗಿ ಬೇಕಾಗಿತ್ತು," ಅಂದಳು.

ನಾಗವೇಣಿಗೆ ತಕ್ಷಣ ತಿಳಿಯಿತು. ಯಾರ ನೆದರು ಬಿದ್ದಿದೆಯೋ ಅವರ ಕಾಲ ಧೂಳನ್ನು ಉಪ್ಪು, ಮೆಣಸಿನಕಾಯಿ ಜೊತೆ ನಿವಾಳಿಸಿ ಬೆಂಕಿಗೆ ಹಾಕಬೇಕು. "ಏನ್ ಮಾತಾಡ್ತಿ ಮಾಬಮ್ಮ! ನನ್ನ ಗಂಡನ ಕಣ್ಣು ಕೆಟ್ಟದ್ದೇನು?"

"ಕೆಟ್ಟದ್ದಂತ ನಾ ಎಲ್ಲಿ ಅಂದ್ನೆವ್ವಾ? ಜೋರದ. ಈತ ನೋಡಿ ಬಂದ ಮ್ಯಾಲ ವಿಮಾನದ ಎರಡೂ ರೆಕ್ಕಿ ಕೆಳಗ ಇಳದಾವ."

"ಎರಡೂನಾ?" ಹುಲಿಗೇಶ ಸುತ್ತಿಗೆ ಇಟ್ಟ.

"ಎರಡೂ. ಒಂದೇ ಸಮ. ರೆಕ್ಕಿ ಕೆಳಗ ಎಣ್ಣಿ ಟಾಂಕಿ ಅಂತ ಎರಡು ಮಾಡಿ ತೂಗಬಿಟ್ಟಿದ್ದ. ಒಳಗ ಬಿದಿರು ಹಾಕ್ಯಾನ, ಅದು ಬಗ್ಗ್ಯಾದ ಅಂತಾನ. ಬಿದಿರು ಸುಮ್ಮಸುಮ್ಮನ ಬಗ್ಗತದೇನಪ್ಪ? ನಾಳಿ ಎಲ್ಲಾ ಬಿಚ್ಚಿ ನೆಟ್ಟಗ ಮಾಡ್ತಾನಂತ."

ನೋಡಿ, ತಾನು ಕಡಿದು ಬೆಸೆದು, ಬೆಸೆದು ಕಡಿದು ತಂದ ಇಳಿಜಾರು, ಆ ಹುಡುಗನಿಗೆ ಪುಕ್ಕಟೆಯಾಗಿ ಬಂದುಬಿಟ್ಟಿತ್ತು! ಬಣ್ಣ ಅವನದು ಚಂದ, ಮೊಳೆ ಅವನದು ಚಂದ. ರೆಕ್ಕೆಯ ಇಳಿಜಾರೊಂದು ತನ್ನದಿತ್ತು. ಅದನ್ನೂ ದೇವರು ಅವನ ಕೈಗೇ ಕೊಟ್ಟನಲ್ಲ ಎಂದು ಹುಲಿಗೇಶನ ಕರುಳು ಸುಟ್ಟಿತು. ಮರುಗಳಿಗೆಯೇ ಇನ್ನೊಂದು ಹೊಳೆಯಿತು. ಹುಡುಗನಿಗೆ ಇದು ಗೊತ್ತಿಲ್ಲ. ಸರಿಯಾದದ್ದನ್ನು ಬಿಚ್ಚಿ ತಪ್ಪು ಮಾಡಲು ಹೊರಟಿದ್ದಾನೆ. ಒಂದು ಮಾತು ಹೇಳಿದರೆ ಸಾಕು. "ಬ್ಯಾಡ ಮಾಬಮ್ಮ, ಅದು ಹಂಗೇ ಇರಬೇಕು," ಅಷ್ಟೇ.

ಹುಲಿಗೇಶ ಚಪ್ಪಲಿ ಬಿಟ್ಟು ಪಾದ ಮುಂದಿಟ್ಟ. "ತಗೋ ಮಾಬಮ್ಮ. ನಿನ್ನ ಮನಸಿಗೆ ಸಮಾಧಾನ ಆಗಲಿ."

ಮುದುಕಿ ಧೂಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ಸುಖವಾಗಿರಪ್ಪ" ಎಂದು ಹರಸಿ ಹೋದಳು.

ಊರಲ್ಲಿ ಸುದ್ದಿ ಹಬ್ಬಿತು. ಚಹಾದ ಅಂಗಡಿಯಲ್ಲಿ ಒಬ್ಬ, "ಲೇ ಹುಲಿಗೇಶ, ನಮ್ಮ ಗದ್ದಿ ಕಡಿ ನೋಡಬ್ಯಾಡಲೇ, ಭತ್ತ ಮಲಗತದ," ಅಂದ. ಎಲ್ಲರೂ ನಕ್ಕರು. ಹುಲಿಗೇಶನೂ ನಕ್ಕ. ಮಂದಿ ಏನಾದರೂ ಅನ್ನಲಿ, ಕಮಾನು ತನ್ನದು.

ಅಂದು ಸಂಜೆಗೇ ಮೌಲಾಹುಸೇನನ ಫೋನು ಬಂತು. "ಹುಲಿಗೇಶಣ್ಣಾ, ಅಮ್ಮಿ ಬಂದು ಏನೇನೋ ಅಂದಳಂತ. ಮನಸಿಗೆ ಹಚ್ಚಿಕೋಬ್ಯಾಡ. ನಾ ನಾಳಿ ಬಿದಿರು ತಗದು ಕಬ್ಬಿಣ ಹಾಕತೀನಿ. ಯಾವ ಪೈಪ್ ಹಾಕಿದ್ರ ರೆಕ್ಕಿ ಮತ್ತ ಇಳಿಯಂಗಿಲ್ಲ? ನಿನಗಿಂತ ತಿಳಿದವರು ಯಾರದಾರ?"

ಹುಲಿಗೇಶ ಸುಳ್ಳು ಹೇಳಲಿಲ್ಲ. "ಚೌಕ್ ಪೈಪ್ ಹಾಕು. ನಡುವ ಜೋಡಬ್ಯಾಡ, ಈ ತುದಿಯಿಂದ ಆ ತುದಿತನ ಒಂದೇ ಇರಲಿ. ಆನಿ ಕುಂತ್ರೂ ಬಗ್ಗಂಗಿಲ್ಲ."

"ನೀ ದೊಡ್ಡ ಮನಷ್ಯಾ ಅಣ್ಣಾ."

ಫೋನಿಟ್ಟ ಮೇಲೆ ನಾಗವೇಣಿ ಅವನ ಮುಖವನ್ನೇ ನೋಡಿದಳು. "ಯಾಕರೀ, ಒಳ್ಳೇದು ಹೇಳಿ ಹಿಂಗ್ಯಾಕ ಕುಂತೀರಿ?"

"ಏನಿಲ್ಲ, ಸೆಕಿ."

ಆರಿಸುವ ದಿನ ಎರಡೂ ವಿಮಾನಗಳು ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಭವನದ ಅಂಗಳಕ್ಕೆ ಬಂದವು. ಮಂದಿಯೆಲ್ಲ ಮಸ್ಕಿಯ ವಿಮಾನದ ಸುತ್ತಲೇ ಮುತ್ತಿದರು. ಹುಲಿಗೇಶನ ವಿಮಾನದ ಹತ್ತಿರ ನಾಗವೇಣಿ ಒಬ್ಬಳೇ ಸೆರಗಿನಿಂದ ಧೂಳು ಒರೆಸುತ್ತ ನಿಂತಿದ್ದಳು.

ಗ್ಯಾನಪ್ಪನವರು ಕೋಲೂರಿಕೊಂಡು ಬಂದರು. ಮೌಲಾಹುಸೇನನ ವಿಮಾನದ ಹೊಟ್ಟೆಯ ಮೇಲೆ ಕೈಯಾಡಿಸಿದರು. ಎಣ್ಣೆ ಕಲೆಯನ್ನು ಬೆರಳಿಂದ ಉಜ್ಜಿ, ಬೆರಳು ಮೂಸಿ ನೋಡಿದರು. ಗಾಜಿನ ಗೂಡಿಗೆ ಮುಖ ಆನಿಸಿ ಬಹಳ ಹೊತ್ತು ನಿಂತರು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು. ಕಮಾನು ಕೈತಪ್ಪಿತು ಎಂದುಕೊಂಡ ಹುಲಿಗೇಶ.

ಆಮೇಲೆ ಅವರು ಮುಂದೆ ಹೋಗಿ, ಮೂಗಿನ ಎದುರಿಗೆ ನಿಂತರು. ಹುಬ್ಬು ಗಂಟಿಕ್ಕಿದರು.

"ಎಲ್ಲಾ ಹಂಗೇ ಅದ. ಇದೊಂದು ಯಾಕೋ ಹೆಗಲು ಸೆಟಿಸಿ ನಿಂತಾದಲ್ಲ? ನನ್ನ ನ್ಯಾಟ್ ಹಿಂಗ ನಿಲ್ಲತಿದ್ದಿಲ್ಲ. ಮರಿ ಮ್ಯಾಲ ಕುಂತ ಕೋಳಿ ರೆಕ್ಕಿ ಇಳಿಬಿಡತದಲ್ಲ, ಹಂಗ ನಿಲ್ಲತಿತ್ತು." ಕೋಲೆತ್ತಿ ಆಚೆ ತೋರಿಸಿದರು. "ಅದರಂಗ ನೋಡು."

ಎಲ್ಲರ ತಲೆಯೂ ಹುಲಿಗೇಶನ ವಿಮಾನದ ಕಡೆ ತಿರುಗಿತು. ಅಮ್ಮ ಎದ್ದ ಮೈ, ಕುಂಚದ ಗೆರೆ ಬಿದ್ದ ಬಣ್ಣ. ರೆಕ್ಕೆ ಮಾತ್ರ ಕೋಳಿಯ ರೆಕ್ಕೆಯಂತೆ ಇಳಿದಿತ್ತು.

"ಇಳಿದಿದ್ವು ಸಾಹೇಬ್ರೇ," ಎಂದ ಮೌಲಾಹುಸೇನ ಸಣ್ಣ ದನಿಯಲ್ಲಿ. "ತಾವಾಗೇ ಇಳಿದಿದ್ವು. ನಾನೇ ಪೈಪ್ ಹಾಕಿ ಎತ್ತಿದೆ." ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ರೆಕ್ಕೆಯಿಂದ ಹುಲಿಗೇಶನಿಗೆ, ಹುಲಿಗೇಶನಿಂದ ರೆಕ್ಕೆಗೆ ಹೋಗಿಬಂತು. "ಅಣ್ಣಾ, ನಿನ್ನವು ಮೊದಲಿಂದ ಹಿಂಗೇ ಅದಾವ?"

ರೆಕ್ಕೆಗಳ ನಡುವೆ, ಇಳಿಜಾರಿಗೆಂದು ಹಾಕಿದ ಬೆಸುಗೆ ಬಿಸಿಲಿಗೆ ಮಿಂಚುತ್ತಿತ್ತು. ಉತ್ತರ ಅದೇ ಕೊಟ್ಟಿತ್ತು.

ಗ್ಯಾನಪ್ಪನವರಿಗೆ ಇದಾವುದೂ ಗೊತ್ತಿಲ್ಲ. "ನಿಲುವು ತಪ್ಪಬಾರದು. ಬಣ್ಣ ಮಾಸ್ತದ, ನಿಲುವು ಉಳೀತದ. ಹುಲಿಗೇಶನ್ನದೇ ಏರಲಿ," ಅಂದರು. ಕೆಲವರು ಚಪ್ಪಾಳೆ ತಟ್ಟಿದರು.

ಮೌಲಾಹುಸೇನ ಜಗಳ ತೆಗೆಯಲಿಲ್ಲ. ಹುಲಿಗೇಶನ ವಿಮಾನದ ಮುಂದೆ ನಿಂತು, ಆ ರೆಕ್ಕೆಗಳನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಕಣ್ಣಲ್ಲೇ ಅಳೆದ. ಅದು ಎಂಥ ನೋಟ ಅಂತ ಹುಲಿಗೇಶನಿಗೆ ಚೆನ್ನಾಗಿ ಗೊತ್ತು. ಮಸ್ಕಿಯ ಶೆಡ್ಡಿನಲ್ಲಿ ತಾನೂ ಹೀಗೇ ನೋಡಿದ್ದ. ನಾಗವೇಣಿಗೂ ಗೊತ್ತಾಯಿತು. ಅವನು ಸರಿದ ಕೂಡಲೇ ಅವನ ಹೆಜ್ಜೆಯ ಧೂಳು ತೆಗೆಯಲು ಬಗ್ಗಿದಳು.

ಅಷ್ಟರಲ್ಲಿ ಮಾಬುಬೀ ಬಂದಳು. ಹುಲಿಗೇಶ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿದ. ಮುದುಕಿ ಅವನ ಕಡೆ ನೋಡಲೇ ಇಲ್ಲ. ವಿಮಾನದ ಮೂಗಿನ ಹತ್ತಿರ ಹೋಗಿ, "ಥೂ, ಥೂ, ಥೂ," ಅಂದಳು. ಆಮೇಲೆ ನಾಗವೇಣಿಯ ರಟ್ಟೆ ಹಿಡಿದು ಎಬ್ಬಿಸಿದಳು. "ಧೂಳು ಬ್ಯಾಡ ಏಳವ್ವಾ. ನನ್ನ ಮಗನ ನೆದರು ನಾನೇ ತಗದೀನಿ. ಎತ್ತರದಾಗ ನಿಲ್ಲೋ ವಸ್ತು ಇದು, ಇಳೀಬಾರದು."

ಅವರ ಟ್ರಾಲಿ ಹೊರಟಿತು. ಮಸ್ಕಿಯ ವಿಮಾನ ದೊಡ್ಡ ವೃತ್ತದ ಕಡೆ ನಿಧಾನಕ್ಕೆ ಸಾಗಿತು. ಆಟೋಗಳು ನಿಂತವು. ಬಸ್ಸಿನ ಕಿಟಕಿಗಳಿಂದ ತಲೆಗಳು ಹೊರಬಂದವು. ಭತ್ತದ ಚೀಲ ಹೊತ್ತ ಹಮಾಲರು ಹೊರೆ ಇಳಿಸಿ, ಕತ್ತೆತ್ತಿ ನೋಡಿದರು. ಹುಲಿಗೇಶನ ಹಿಂದೆ ಅವನ ವಿಮಾನಕ್ಕೆ ಹಗ್ಗ ಬಿಗಿಯುತ್ತಿದ್ದರು, ಇನ್ನೇನು ಕಮಾನಿಗೆ ಏರುವುದರಲ್ಲಿತ್ತು. ಅವನು ತಿರುಗಿ ನೋಡಲಿಲ್ಲ. ಆ ಮಾಸಿದ ಬೆಳ್ಳಿ, ಆ ಸಾಸಿವೆ ಕಾಳಿನ ಸಾಲು ವೃತ್ತದ ಹತ್ತಿರ ಮರೆಯಾಗುವವರೆಗೂ ನೋಡಿದ. ಹೊಟ್ಟೆಯ ಕಿಚ್ಚು ಇನ್ನೂ ಆರಿರಲಿಲ್ಲ. ಕೊನೆಗೆ ಕತ್ತು ಆ ಕಡೆ ಮಾಡಿ ಮೂರು ಸಲ ಉಗುಳಿದ.

"ಏನಾತು ನಿಮಗ?" ಎಂದಳು ನಾಗವೇಣಿ.

"ಏನಿಲ್ಲ," ಎಂದ ಹುಲಿಗೇಶ. "ಬಾಯಾಗ ಧೂಳು ಹೋತು."