ಅಮ್ಮನ ಕೈ ಹೇಳಿದ ಸಾಕ್ಷಿ

ಸುಳ್ಳು ಹೇಳಿದವಳು ನಾನು. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಮ್ಮ ಲೈನುಮನೆಗಳ ಕಡೆ ಈಗಲೂ ಕೆಲವರು ಆ ತಪ್ಪನ್ನು ಅಮ್ಮನ ತಲೆಗೆ ಕಟ್ಟುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ನಾವು ಕೋಲಾರದ ಚಿನ್ನದ ಗಣಿಯ ನಂದಿದುರ್ಗ ಲೈನಿನಲ್ಲಿ, ಹಿಂದೆ ಗಣಿ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಇರುವವರು. ಅಮ್ಮ ದಿನಾ ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಹೊರಗಿದ್ದ ಒಂದು ಚಿಕ್ಕ ಗ್ರಾನೈಟ್ ಘಟಕಕ್ಕೆ ಕಲ್ಲು ಪಾಲಿಶ್ ಮಾಡಲು ಹೋಗುತ್ತಿದ್ದಳು. ನಾನು ಆಂಡರ್ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಊರವರ ಅರ್ಜಿ ಟೈಪ್ ಮಾಡುತ್ತೇನೆ. ಅರ್ಜಿ ಬರೆದು ಬರೆದು ಕಾನೂನೆಲ್ಲ ನನಗೆ ಅಂಗೈ ನೆಲ್ಲಿಕಾಯಿ ಅನ್ನುವ ಜಂಬ ಬೇರೆ ಇತ್ತು.

ಒಂದು ಮಧ್ಯಾಹ್ನ ಮೇಸ್ತ್ರಿ ಫೋನ್ ಮಾಡಿದ. ಅಮ್ಮನ ಬಲಗೈ ಮೇಲೆ ಪಾಲಿಶ್‌ಗೆ ಇಳಿಸುತ್ತಿದ್ದ ಕಲ್ಲಿನ ಸ್ಲ್ಯಾಬ್ ಕೂತಿದೆ, ಆಸ್ಪತ್ರೆಗೆ ಬಾ ಅಂದ. ಈ ಮೇಸ್ತ್ರಿ ನಮ್ಮಮ್ಮನ ತವರೂರಿನವನು. ಅಮ್ಮ ಅವನನ್ನು ಅಣ್ಣಾ ಎನ್ನುತ್ತಾಳೆ, ನಾನು ಮಾವ ಎನ್ನುತ್ತೇನೆ. ರೈಲಿನಲ್ಲಿ ಬರುವ ಹೆಂಗಸರನ್ನು ಒಟ್ಟುಮಾಡಿ ಕೆಲಸಕ್ಕೆ ಕರೆದೊಯ್ಯುವವನೂ ಅವನೇ, ವಾರದ ಕೂಲಿ ಹಂಚುವವನೂ ಅವನೇ. ನಮ್ಮವರ ಮನೆಯ ಮದುವೆಗೆ ಸೀರೆ ತಂದು ಕೂರುವವನೂ ಅವನೇ. ನಮ್ಮ ಕಡೆ ಒಂದು ರೂಢಿಯಿದೆ: ಏನೇ ಆಗಲಿ, ಮೇಸ್ತ್ರಿಯ ಹೆಸರು ಕಾಗದಕ್ಕೆ ಬರಬಾರದು. ಕೆಲಸ ಕೊಡಿಸಿದ ಕೈಯನ್ನು ಠಾಣೆಗೆ ಎಳೆದ ಪಾಪ ಯಾರಿಗೆ ಬೇಕು?

ಆಸ್ಪತ್ರೆಯ ಬಾಗಿಲಲ್ಲೇ ಅವನು ನನ್ನನ್ನು ತಡೆದ. ‘ಮನ್ಯಾಗೆ ಆಯ್ತು ಅಂತ ಏಳು ಕಣಮ್ಮ. ಇಲ್ಲಾಂದ್ರೆ ಪೋಲೀಸು ಕೇಸು ಅಂತ ಬೀಗ ಆಕ್ತಾರೆ. ಉಳಿದೋರ ಗತಿ ಏನು? ಅವ್ವುನ ಖರ್ಚೆಲ್ಲ ನಾನು ನೋಡ್ಕಂತೀನಿ.’

ಡಾಕ್ಟರು ಹೇಗಾಯಿತು ಎಂದು ಕೇಳಿದರು. ಅಮ್ಮ ನೋವಿನಲ್ಲಿ ಕಣ್ಣು ಮುಚ್ಚಿದ್ದಳು. ‘ಮನೆಯಲ್ಲಿ ರುಬ್ಬುಗುಂಡು ಜಾರಿ ಬಿತ್ತು’ ಎಂದೆ. ಅವರು ಹಾಗೇ ಬರೆದುಕೊಂಡರು. ಸುಳ್ಳು ಹೇಳಿದರೆ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕಂತೆ. ನಮ್ಮ ಮನೆಯಲ್ಲಿ ರುಬ್ಬುಗುಂಡೇ ಇರಲಿಲ್ಲ.

ಅಮ್ಮನ ಉಂಗುರದ ಬೆರಳು ಮತ್ತು ಕಿರುಬೆರಳನ್ನು ತೆಗೆಯಬೇಕಾಯಿತು. ಮೇಸ್ತ್ರಿ ಎರಡು ವಾರ ಹಣ್ಣು ತಂದ. ಮೂರನೆಯ ವಾರ ಫೋನ್ ಎತ್ತಲಿಲ್ಲ. ಗಾಯ ಮಾಗಿದ ಮೇಲೆ ಅಮ್ಮ ಘಟಕಕ್ಕೆ ಹೋದರೆ, ಆ ಕೈಗೆ ಕೊಡುವ ಕೆಲಸವಿಲ್ಲ ಎಂದರು. ಪರಿಹಾರ ಕೇಳಿದ್ದಕ್ಕೆ ಮಾಲೀಕರು ಆಸ್ಪತ್ರೆಯ ಚೀಟಿ ತೋರಿಸಿದರು. ‘ಮನೆಯಲ್ಲಿ ಆದ ಗಾಯಕ್ಕೆ ನಾವು ಹೊಣೆಯಾ?’ ಆ ಚೀಟಿಯ ಜೆರಾಕ್ಸನ್ನು ಮೇಸ್ತ್ರಿಗೆ ತೆಗೆದುಕೊಟ್ಟವಳೂ ನಾನೇ. ನನ್ನ ಬುದ್ಧಿಗೆ ನಾನೇ ನಾಚಿಕೊಂಡು ಎರಡು ದಿನ ಅಂಗಡಿಗೆ ಹೋಗಲಿಲ್ಲ.

ಎದುರು ಮನೆಯಲ್ಲಿ ಗಣಿಯಲ್ಲಿ ದುಡಿದ ತಮಿಳು ತಾತ ಒಬ್ಬರಿದ್ದಾರೆ. ನನ್ನ ಮುಖ ನೋಡಿ ವಿಷಯ ಕೇಳಿದರು. ‘ನಮ್ ಕಾಲ್ದಾಗೆ ಬೂಮಿ ಒಳಗೆ ಒಂದ್ ಉಗುರು ಕಿತ್ರೂ ಅದೇ ಶಿಫ್ಟ್‌ನಾಗೆ ರಿಜಿಸ್ಟರ್‌ಗೆ ಬರಿಸ್ತಿದ್ವಿ ಕಣಮ್ಮ. ನೀನು ಇಷ್ಟ್ ಓದಿ ಇಂಗೆ ಮಾಡ್ಬಿಟ್ಯಲ್ಲ’ ಎಂದು ಚೆನ್ನಾಗಿ ಬೈದರು. ಬೈದ ಮೇಲೆ, ‘ಕಾರ್ಮಿಕರ ಆಫೀಸಿಗೆ ಓಗು. ಸುಳ್ಳು ಏಳಿದ ಬಾಯಾಗೇ ನಿಜ ಏಳು’ ಎಂದರು.

ಕೋಲಾರದ ಕಚೇರಿಯಲ್ಲಿ ನನ್ನ ಜಂಬವೆಲ್ಲ ಇಳಿಯಿತು. ಅಮ್ಮನ ಬಳಿ ಕಾರ್ಮಿಕರ ವಿಮೆಯ ಇಎಸ್‌ಐ ಕಾರ್ಡ್ ಇಲ್ಲ, ನೇಮಕದ ಪತ್ರವಿಲ್ಲ, ಕೂಲಿ ಕೊಡುತ್ತಿದ್ದವನು ಮೇಸ್ತ್ರಿ. ಹಾಗಾಗಿ ನಮಗೆ ಹಕ್ಕೇ ಇಲ್ಲ ಅಂದುಕೊಂಡಿದ್ದೆ. ಅಲ್ಲಿದ್ದ ಅಧಿಕಾರಿ ಬಿಡಿಸಿ ಹೇಳಿದರು. ಕಾರ್ಡ್ ಇದ್ದವರಿಗೆ ದಾರಿ ಬೇರೆ. ಇಲ್ಲದವರಿಗೂ ಪರಿಹಾರದ ಕಾನೂನು ಇದೆ. ಮೇಸ್ತ್ರಿ ಕರೆತಂದ ಆಳಾದರೂ ಕೆಲಸ ಮಾಲೀಕರದು, ಹೊಣೆಯೂ ಅವರದು. ಕೆಲಸದ ಧೂಳಿನಿಂದ ಶ್ವಾಸಕೋಶದ ಕಾಯಿಲೆ ಬಂದರೂ ಕೇಳಬಹುದು. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಒಂದೇ ತೊಡಕು, ಗಾಯ ಕೆಲಸದಲ್ಲೇ ಆದದ್ದು ಎಂದು ತೋರಿಸಬೇಕು. ನಮ್ಮ ಚೀಟಿ ಅದಕ್ಕೆ ಅಡ್ಡ ಕೂತಿತ್ತು.

ಅರ್ಜಿ ಹಾಕಿದೆವು. ಮಾಲೀಕರ ಕಡೆಯಿಂದ ಉತ್ತರ ಬಂತು: ಈಕೆ ನಮ್ಮಲ್ಲಿ ಕಲ್ಲು ಮುಟ್ಟಿದವಳೇ ಅಲ್ಲ, ಆಗೊಮ್ಮೆ ಈಗೊಮ್ಮೆ ಬಂದು ಕಸ ಗುಡಿಸುತ್ತಿದ್ದಳು. ಓದಿ ಹೇಳಿದಾಗ ಅಮ್ಮನ ಮುಖ ಕೆಂಪಾಯಿತು. ಬೆರಳು ಹೋದಾಗಲೂ ಅವಳು ಹಾಗೆ ಸಿಟ್ಟಾದದ್ದು ನಾನು ನೋಡಿರಲಿಲ್ಲ.

ವಿಚಾರಣೆಯ ದಿನ ಅದೇ ಕಚೇರಿಗೆ ಮೇಸ್ತ್ರಿಯೂ ಬಂದಿದ್ದ, ಮಾಲೀಕರ ಪರ ಸಾಕ್ಷಿಯಾಗಿ. ಅಮ್ಮ ಸ್ಲ್ಯಾಬ್ ಎತ್ತುತ್ತಿರಲಿಲ್ಲ ಎಂದು ಹೇಳಲು. ನಮ್ಮ ಕಡೆ ತಲೆ ಎತ್ತಿ ನೋಡಲಿಲ್ಲ.

ಮೊದಲು ನನ್ನನ್ನು ಕೇಳಿದರು. ಚೀಟಿಯಲ್ಲಿರುವುದು ನಾನು ಹೇಳಿದ ಸುಳ್ಳು ಎಂದೆ. ‘ಅಂದು ಸುಳ್ಳು ಹೇಳಿದವರು ಇಂದು ನಿಜ ಹೇಳುತ್ತೀರಿ ಎಂದು ಹೇಗೆ ನಂಬೋಣ?’ ಎಂದರು ಮಾಲೀಕರ ವಕೀಲರು. ಅಮ್ಮನ ಬೆರಳುಗಳನ್ನು ಎರಡನೇ ಸಲ ಕಳೆದೆ ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಅಮ್ಮ ಎದ್ದು ನಿಂತಳು. ‘ಅದು ಎದರ್ಕಂಡು ಏಳಿದ್ದು ಸಾಮಿ. ಬಾಯಿ ಮಾತು ಬ್ಯಾಡ, ನನ್ ಕೈಯ ನೋಡಿ’ ಎಂದಳು. ಆಮೇಲೆ ವಕೀಲರ ಕಡೆ ತಿರುಗಿ, ‘ಆ ಮೇಜನ್ನ ಆ ಕಡೆ ಒಸಿ ಇಡ್ಕಳಿ. ಇದೇ ಸ್ಲ್ಯಾಬು ಅನ್ಕಳಿ’ ಎಂದಳು. ಅವರು ಗೊಂದಲದಿಂದ ಅಧಿಕಾರಿಯನ್ನು ನೋಡಿದರು. ಅಧಿಕಾರಿ ಹಿಡಿಯಿರಿ ಎಂದು ತಲೆಯಾಡಿಸಿದರು.

ಅಮ್ಮ ಮೇಜಿನ ಈ ಅಂಚಿಗೆ ಕೈ ಕೊಟ್ಟು ಎತ್ತಿ ತೋರಿಸತೊಡಗಿದಳು. ಎದುರಿನವಳು ತನ್ನ ಅಂಚನ್ನು ಮರದ ತುಂಡಿನ ಮೇಲೆ ಮೊದಲು ಇಳಿಸಬೇಕು. ಈ ಕಡೆಯವಳು ಆಮೇಲೆ ಒಂದೊಂದೇ ಬೆರಳು ಬಿಡಿಸಿಕೊಳ್ಳಬೇಕು, ಮೂಲೆಯ ಭಾರ ಹೊತ್ತ ಎರಡು ಬೆರಳು ಕೊನೆಗೆ. ಆ ಹೊತ್ತಿಗೆ ಮರದ ತುಂಡು ಜಾರಿದರೆ ಒಳಗೆ ಉಳಿಯುವುದು ಅವೆರಡೇ. ಅವಳು ತೋರಿಸುತ್ತಿದ್ದ ಜಾಗದಲ್ಲಿ ಆ ಎರಡು ಬೆರಳು ಇರಲಿಲ್ಲ. ಎಲ್ಲರೂ ಅದನ್ನೇ ನೋಡುತ್ತಿದ್ದರು.

ವಕೀಲರು ಮಾತ್ರ ಮೇಜನ್ನು ತಮಗೆ ತೋಚಿದಂತೆ ಹಿಡಿದಿದ್ದರು. ಮೂಲೆ ಒಂದು ಕಡೆಗೆ ವಾಲಿತು.

‘ಅಂಗಲ್ಲ ಸಾರ್’ ಎಂದಿತು ಹಿಂದಿನಿಂದ ಒಂದು ದನಿ. ಮೇಸ್ತ್ರಿ ಎದ್ದು ಬಂದುಬಿಟ್ಟಿದ್ದ. ‘ಇಂಗ್ ಇಡುದ್ರೆ ಎದ್ರುಗಿರೋಳ ಕೈ ಓಗ್ತದೆ. ಕಿರುಬೆರಳು ಮೂಲೆಗೆ ಬರ್ಬೇಕು, ನೋಡಿ, ನಮ್ ತಂಗಿ ಇಡ್ಕಂಡವ್ಳಲ್ಲ, ಅಂಗೆ.’ ಹೇಳಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೆ ಗೊತ್ತಾಯಿತು. ಮೂವತ್ತು ವರ್ಷ ಕಲ್ಲು ಇಳಿಸಿದವನು. ತಪ್ಪಾಗಿ ಹಿಡಿದದ್ದನ್ನು ಕಂಡು ಅವನಿಂದ ಸುಮ್ಮನಿರಲು ಆಗಲಿಲ್ಲ.

ಅಧಿಕಾರಿ ನಿಧಾನವಾಗಿ ಕೇಳಿದರು. ‘ಇವರು ಸ್ಲ್ಯಾಬ್ ಇಳಿಸುತ್ತಿದ್ದರೇನು?’

ಮೇಸ್ತ್ರಿ ಮಾಲೀಕರ ಕಡೆ ಒಮ್ಮೆ, ಅಮ್ಮನ ಕೈಯ ಕಡೆ ಒಮ್ಮೆ ನೋಡಿದ. ‘ಇವ್ಳಷ್ಟು ಚೆನ್ನಾಗಿ ಇಳ್ಸೋರು ನಮ್ ಗುಂಪಿನಾಗೆ ಇನ್ನೊಬ್ರಿಲ್ಲ ಸಾರ್. ಅವತ್ತು ಮರದ ತುಂಡು ಜಾರ್ತು. ಮನೆ ಅಂತ ಏಳ್ಸಿದ್ದು ನಾನೇ’ ಎಂದ.

ಅವತ್ತು ನನ್ನ ಎದೆ ಉಬ್ಬಿದ್ದು ಗೆಲ್ಲುತ್ತೇವೆ ಎಂದಲ್ಲ. ಅಮ್ಮ ಇಷ್ಟು ದೊಡ್ಡ ಕೆಲಸಗಾರ್ತಿ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಕೂಲಿಗೆ ಹೋಗುತ್ತಾಳೆ ಅಂತಲೇ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಕೆಲವು ತಿಂಗಳ ಮೇಲೆ ಆದೇಶ ಬಂತು, ನಮ್ಮ ಪರವಾಗಿ. ಅಂಗಡಿಯಲ್ಲಿ ಅಮ್ಮನನ್ನು ಕೂರಿಸಿ ಓದತೊಡಗಿದೆ. ಗಾಯ ಕೆಲಸದ ವೇಳೆಯಲ್ಲಿ, ಕೆಲಸದಿಂದಲೇ ಆದದ್ದು ಎಂಬ ಸಾಲು ಮುಗಿಸಿ, ಮೊತ್ತ ಎಷ್ಟು ಎಂದು ಹೇಳಲು ಹಾಳೆ ತಿರುಗಿಸಿದೆ. ಅಮ್ಮ ಹಾಳೆಯ ಮೇಲೆ ಕೈ ಇಟ್ಟು ತಡೆದಳು.

‘ಅದಿರ್ಲಿ. ನನ್ನ ಕೆಲ್ಸ ಏನೂಂತ ಬರ್ದವ್ರೆ?’

ಹಿಂದಿನ ಪುಟಕ್ಕೆ ಹೋಗಿ ಹುಡುಕಿದೆ. ‘ಗ್ರಾನೈಟ್ ಪಾಲಿಶ್ ಕೆಲಸಗಾರ್ತಿ’ ಎಂದು ಓದಿದೆ.

‘ಕಸ ಗುಡ್ಸೋಳು ಅಂತ ಎಲ್ಲೂ ಇಲ್ವಾ?’

‘ಎಲ್ಲೂ ಇಲ್ಲಮ್ಮ.’

‘ಅಂಗಾರೆ ಅದೊಂದು ಆಳೆ ಇನ್ನೊಂದು ಜೆರಾಕ್ಸ್ ತೆಗಿ’ ಎಂದಳು ಅಮ್ಮ. ‘ನಿಮ್ ಮೇಸ್ತ್ರಿ ಮಾವುಂಗೂ ಒಂದು ಕೊಡ್ಬೇಕು.’