ಬಾಲ್ತಜಾರ್ ಕ್ರಾಸ್ತಾನ ಎರಡು ತಿಂಗಳು

ಸೌದಿಯ ದಮ್ಮಾಮಿನಲ್ಲಿ ಬಾಲ್ತಜಾರ್ ಕ್ರಾಸ್ತಾನಷ್ಟು ತಿಳಿದವನು ಇನ್ನೊಬ್ಬನಿಲ್ಲ ಎಂದು ಖಾತ್ರಿಯಾಗಿ ನಂಬಿದ್ದವನು ಒಬ್ಬನೇ ಒಬ್ಬ. ಅವನೂ ಬಾಲ್ತಜಾರ್ ಕ್ರಾಸ್ತಾನೇ. ಎಣ್ಣೆಬಾವಿಗಳಿಗೆ ಪೈಪು ಒದಗಿಸುವ ಕಂಪೆನಿಯೊಂದರಲ್ಲಿ ಅವನು ಟೈಮ್‌ಕೀಪರ್. ಯಾರು ಎಷ್ಟು ಗಂಟೆಗೆ ಬಂದ, ಯಾರು ಎಷ್ಟು ನಿಮಿಷ ತಡ ಮಾಡಿದ ಎಂದು ಬರೆದಿಡುವುದು ಅವನ ಉದ್ಯೋಗ. ಹದಿನಾಲ್ಕು ವರ್ಷ ಕಂಡವರ ತಡವನ್ನೆಲ್ಲ ಬರೆದೂ ಬರೆದೂ, ತಾನು ಮಾತ್ರ ಯಾವ ವಿಷಯದಲ್ಲೂ ತಪ್ಪುವವನಲ್ಲ ಎಂಬ ಹುಚ್ಚು ಅವನಿಗೆ ಹಿಡಿದಿತ್ತು.

ಹೆಂಡತಿ ಅನ್ನಾ ಶಿರ್ವದವಳು. ದಮ್ಮಾಮಿನ ಖಾಸಗಿ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ನರ್ಸು. ಗಂಡನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲ್ ಬೇರೆ, ಅವಳ ಕಫೀಲ್ ಬೇರೆ. ಅವಳ ವಾಸದ ಪರವಾನಗಿ, ಇಕಾಮಾ, ಆಸ್ಪತ್ರೆಯ ಹೆಸರಿನಲ್ಲಿತ್ತು. ಮಕ್ಕಳಿರಲಿಲ್ಲ. ಅದಕ್ಕೂ ಬಾಲ್ತಜಾರ್‌ನ ಹತ್ತಿರ ಒಂದು ವಿವರಣೆಯಿತ್ತು, ಆ ವಿವರಣೆಯಲ್ಲಿ ಅವನ ತಪ್ಪು ಎಳ್ಳಷ್ಟೂ ಇರಲಿಲ್ಲ.

ಶುಕ್ರವಾರ ಬಂತೆಂದರೆ ಅವನ ದರ್ಬಾರು. ಸೌದಿಯ ಕಾಗದಪತ್ರಗಳೆಲ್ಲ ನಡೆಯುವುದು ಚಂದ್ರನ ತಿಂಗಳ ಮೇಲೆ. ರಜೆಗೆ ಹೊರಟವನ ಪಾಸ್‌ಪೋರ್ಟಿನಲ್ಲಿ ಮರುಪ್ರವೇಶದ ವೀಸಾ ಒತ್ತಿ, ಇಂಥ ಅರಬ್ಬಿ ತಾರೀಕಿನೊಳಗೆ ಮರಳಬೇಕು ಎಂದು ಬರೆಯುತ್ತಾರೆ. ಒಂದು ದಿನ ತಪ್ಪಿದರೂ ಕೆಲಸ ಹೋಯಿತು. ಆ ತಾರೀಕು ಇಂಗ್ಲಿಷ್ ತಿಂಗಳಲ್ಲಿ ಯಾವತ್ತು ಬೀಳುತ್ತದೆಂದು ಕೇಳಲು ಉಡುಪಿ, ಮಂಗಳೂರಿನವರು ಬರುತ್ತಿದ್ದರು. ಏಸಿ ಮೆಕ್ಯಾನಿಕ್ ರೋಯ್ಸ್ಟನ್ ಅಂತೂ ತನ್ನದಲ್ಲದೆ ತನ್ನ ಕ್ಯಾಂಪಿನವರ ಪಾಸ್‌ಪೋರ್ಟುಗಳನ್ನೂ ಹೊತ್ತು ತರುತ್ತಿದ್ದ. ಬಾಲ್ತಜಾರ್ ಕನ್ನಡಕ ಏರಿಸಿ, ಪುಟ ತಿರುವಿ, ಗಂಟಲು ಸರಿಮಾಡಿಕೊಂಡು ಅಡುಗೆಮನೆಯ ಕಡೆಗೆ ಕೂಗುತ್ತಿದ್ದ.

"ಅನ್ನಾ, ಸಫರ್ ಹದಿನೆಂಟು ಅಂದ್ರೆ?"

ದಿನಾ ಒಬ್ಬೊಬ್ಬ ರೋಗಿಯ ಚಾರ್ಟಿನ ಮೇಲೂ ಎರಡೂ ತಾರೀಕು ಬರೆಯುವ ಅನ್ನಾ, ಬಂಗುಡೆ ಮಗುಚುತ್ತಲೇ ಹೇಳುತ್ತಿದ್ದಳು: "ಜುಲೈ ನಾಲ್ಕು."

"ಜುಲೈ ನಾಲ್ಕು!" ಎಂದು ಬಾಲ್ತಜಾರ್ ತೀರ್ಪು ಕೊಡುತ್ತಿದ್ದ.

"ಎಂತ ಬಾಲ್ತು ಬಾಬ್, ಇಷ್ಟು ಬೇಗ ಹೇಗೆ ಲೆಕ್ಕ ಸಿಗ್ತದೆ ನಿಮಗೆ?" ಎಂದು ರೋಯ್ಸ್ಟನ್ ಬೆರಗಾಗುತ್ತಿದ್ದ. ಅಡುಗೆಮನೆಯಿಂದ ಬಂದ ಉತ್ತರ ಅವನ ಎರಡೂ ಕಿವಿಗೆ ಬಿದ್ದಿದ್ದರೂ!

"ತಲೆ ಬೇಕು ಮಾರಾಯ, ತಲೆ."

ಮೊದಮೊದಲು ಅನ್ನಾಳಿಗೆ ಇದು ತಮಾಷೆ. ಆಮೇಲೆ ಸಿಟ್ಟು. ಅದೂ ಇಂಗಿಹೋಗಿ, ಕೊನೆಗೆ ಉಳಿದದ್ದು ತಾತ್ಸಾರ. ಬಾಲ್ತಜಾರ್‌ಗೆ ಮಾತ್ರ ವರ್ಷಗಳು ಕಳೆದಂತೆ ಆ ಲೆಕ್ಕ ತನ್ನದೇ ಎಂದು ನಿಜವಾಗಿಯೂ ಅನಿಸತೊಡಗಿತ್ತು.

ತೊಂಬತ್ತಾರನೇ ಇಸವಿಯಲ್ಲಿ ಇಬ್ಬರಿಗೂ ಎರಡು ತಿಂಗಳ ರಜೆ ಕೂಡಿಬಂತು. ಊರಿಗೆ ಹೋಗುವುದು ಬೇಡ, ಥಾಯ್ಲೆಂಡಿಗೆ ಹೋಗುವ ಎಂದ ಬಾಲ್ತಜಾರ್. ಅವನ ಕಂಪೆನಿಯ ಬಿಳಿ ಇಂಜಿನಿಯರ್ ಚಹಾ ಕುಡಿಯುತ್ತಾ ಚಿಯಾಂಗ್ ಮಾಯ್‌ನ ಗುಡ್ಡಗಳನ್ನು ಹೊಗಳಿದ್ದನಂತೆ. "ಊರಿಗೆ ಹೋದರೆ ಎಲ್ಲರಿಗೂ ಕೊಡಬೇಕು. ಅಲ್ಲಿಗೆ ಹೋದರೆ ಎಲ್ಲರಿಗೂ ಹೇಳಬಹುದು," ಎಂದ. ಆ ಮನುಷ್ಯನ ಬಾಯಿಂದ ಜನ್ಮದಲ್ಲಿ ಬಂದ ಒಂದೇ ಸತ್ಯ ಅದು.

ಹೊರಡುವ ಮುಂಚಿನ ವಾರ ಆಸ್ಪತ್ರೆಯ ಮೇಟ್ರನ್ ಅನ್ನಾಳನ್ನು ಕರೆಸಿದಳು. ಜನವರಿ ಹನ್ನೊಂದು, ಶನಿವಾರದಿಂದ ಡಯಾಲಿಸಿಸ್ ವಿಭಾಗದ ಇನ್‌ಚಾರ್ಜ್ ಹುದ್ದೆ ಅನ್ನಾಳಿಗೆ. ಅದು ರಮ್ಜಾನಿನ ಮೊದಲ ವಾರ, ರೋಗಿಗಳ ಪಾಳಿಯೆಲ್ಲ ಬದಲಾಗುವ ಸಮಯ. ಆ ಬೆಳಿಗ್ಗೆ ಅವಳು ಹಾಜರಿಲ್ಲದಿದ್ದರೆ ವಿಭಾಗದ ಕೀಲಿಕೈ ಅಲ್ಲಿಯದೇ ನರ್ಸು ಕ್ಯಾರಲ್‌ಗೆ ಹೋಗುತ್ತದೆ. ಕ್ಯಾರಲ್ ಅವಳಿಗಿಂತ ಆರು ವರ್ಷ ಕಿರಿಯಳು. ಅನ್ನಾ ಮನೆಗೆ ಬಂದು ಇದನ್ನು ಹೇಳಿದಾಗ ಬಾಲ್ತಜಾರ್ ಸೂಟ್‌ಕೇಸಿಗೆ ಕುಚ್ಚಲಕ್ಕಿ ತುಂಬುತ್ತಿದ್ದ.

"ಇನ್‌ಚಾರ್ಜ್ ಅಂದ್ರೆ ಎಂತ? ನಾಲ್ಕು ಕೀಲಿಕೈ ಜಾಸ್ತಿ, ಅಷ್ಟೇ ಅಲ್ವಾ?" ಎಂದ.

ಹಾಗಿದ್ದರೂ ಟಿಕೆಟ್ ಸರಿಯಾಗಿಯೇ ಆಗಿತ್ತು. ನವೆಂಬರ್ ಹನ್ನೆರಡಕ್ಕೆ ಹೋಗುವುದು, ಜನವರಿ ಎಂಟು ಬುಧವಾರ ಮರಳುವುದು. ಅವನ ವೀಸಾ ಅರಬ್ಬಿ ಲೆಕ್ಕದ ಎರಡು ತಿಂಗಳದ್ದು, ಶಾಬಾನ್ ತಿಂಗಳು ಮುಗಿದು ರಮ್ಜಾನ್ ಹುಟ್ಟುವ ಮೊದಲು ಒಳಗೆ ಬರಬೇಕು. ಅವಳಿಗೆ ಆಸ್ಪತ್ರೆಯವರು ಮೂರು ತಿಂಗಳದ್ದು ಮಾಡಿಸಿಕೊಟ್ಟಿದ್ದರು.

ಥಾಯ್ಲೆಂಡಿನ ಉತ್ತರ ಭಾಗ ಎಷ್ಟು ಚಂದ ಎಂದು ಬಾಲ್ತಜಾರ್‌ನ ಜೊತೆ ಹೋದವರಿಗೆ ತಿಳಿಯುವುದು ಕಷ್ಟ. ದೋಯ್ ಸುತೇಪಿನ ಮುನ್ನೂರು ಮೆಟ್ಟಿಲು ಹತ್ತಿ, ಬಂಗಾರದ ಸ್ತೂಪದ ಎದುರು ಅನ್ನಾ ಮೈಮರೆತು ನಿಂತರೆ, ಇವನು ಏದುಸಿರು ಬಿಡುತ್ತಾ, "ನಮ್ಮ ಕದ್ರಿ ಗುಡ್ಡೆಗಿಂತ ಸ್ವಲ್ಪ ಎತ್ತರ, ಅಷ್ಟೇ," ಎಂದ. ಪಾಯ್‌ಗೆ ಹೋಗುವ ದಾರಿಯ ಲೆಕ್ಕವಿಲ್ಲದ ತಿರುವುಗಳಲ್ಲಿ, "ಆಗುಂಬೆಯ ಎದುರು ಇದೆಂತ ಘಾಟಿ?" ಎಂದವನು ಹತ್ತನೆಯ ತಿರುವಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೆಳಿಗ್ಗೆ ತಿಂದದ್ದನ್ನೆಲ್ಲ ಕಕ್ಕಿದ. ಜಂಬಕ್ಕೆ ವಾಂತಿಯೂ ಅಡ್ಡಿಯಲ್ಲ. ಬಾಯಿ ಒರೆಸಿಕೊಂಡು, ಡ್ರೈವರಿಗೆ ಗೇರು ಹಾಕಲು ಬರುವುದಿಲ್ಲ ಎಂದ.

ಚಿಯಾಂಗ್ ಮಾಯ್‌ನ ನದಿಯಲ್ಲಿ ಹುಣ್ಣಿಮೆಯ ಸಂಜೆ ಜನರೆಲ್ಲ ಬಾಳೆಯ ಪುಟ್ಟ ದೋಣಿಗಳಲ್ಲಿ ಹೂವು, ಮೇಣದಬತ್ತಿ ಇಟ್ಟು ತೇಲಿಬಿಡುತ್ತಿದ್ದರು. ಅನ್ನಾಳೂ ಒಂದು ಬಿಟ್ಟಳು. ಇವನು ದಡದಲ್ಲಿ ನಿಂತು, ದೋಣಿ ಕಟ್ಟಿದ್ದು ಸರಿಯಾಗಿಲ್ಲ, ಮುಳುಗ್ತದೆ ನೋಡು ಎಂದು ಪಕ್ಕದ ಹೆಂಗಸಿಗೆ ಪಾಠ ಹೇಳಿದ. ಆಕೆಗೆ ಇವನ ಮಾತು ಅರ್ಥವಾಗಲಿಲ್ಲ, ನಕ್ಕಳು. ಅನ್ನಾಳಿಗೆ ಆಕೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಊಟದ್ದು ಹೇಳುವುದೇ ಬೇಡ. ಬಿದಿರಿನ ಬುಟ್ಟಿಯಲ್ಲಿ ಬೆಂದ ಅಂಟಕ್ಕಿ ಅನ್ನ, ತೆಂಗಿನಹಾಲಿನ ನೂಡಲ್ಸ್ ಸಾರು, ಕೆಂಡದ ಮೇಲೆ ಸುಟ್ಟ ಹೊಳೆಮೀನು. ಅನ್ನಾ ಬೆರಳು ಚೀಪಿಕೊಂಡು ತಿಂದಳು. ಬಾಲ್ತಜಾರ್ ಗೆಸ್ಟ್‌ಹೌಸಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ದಮ್ಮಾಮಿನಿಂದ ಹೊತ್ತು ತಂದ ಕುಕ್ಕರಿನಲ್ಲಿ ಗಂಜಿ ಬೇಯಿಸಿ ಉಪ್ಪಿನಕಾಯಿ ನೆಕ್ಕಿದ. ಸಾವಿರಾರು ಮೈಲು ಹಾರಿಬಂದು ಗಂಜಿ! ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ನಿಲ್ಲುತ್ತದೆ. ಇದು ಕಿನ್ನರಿಯಲ್ಲಿ ತಪ್ಪು ಹುಡುಕುವ ಕೋಣ.

ಕ್ರಿಸ್‌ಮಸ್‌ನ ಬೆಳಿಗ್ಗೆ ಮೇ ಹೊಂಗ್ ಸೋನ್ ಕಡೆಯ ಒಂದು ಹಳ್ಳಿಯಲ್ಲಿ ಹಲಗೆಯ ಗೋಡೆಯ ಇಗರ್ಜಿ ಸಿಕ್ಕಿತು. ಗುಡ್ಡಗಾಡಿನ ಜನ ನೇಯ್ದ ಕೆಂಪು ಅಂಗಿ ಹಾಕಿಕೊಂಡು ಹಾಡುತ್ತಿದ್ದರು. ಮಾತು ಒಂದೂ ಅರ್ಥವಾಗದಿದ್ದರೂ, ಎಲ್ಲಿ ಏಳಬೇಕು, ಎಲ್ಲಿ ಮೊಣಕಾಲೂರಬೇಕು ಎಂದು ಅನ್ನಾಳಿಗೆ ಗೊತ್ತಿತ್ತು. ಇಗರ್ಜಿಗೆ ಅನುಮತಿಯಿಲ್ಲದ ದಮ್ಮಾಮಿನಲ್ಲಿ ಕಿಟಕಿ ಮುಚ್ಚಿ ಪಿಸುಗುಟ್ಟಿ ಪ್ರಾರ್ಥಿಸಿದ ಕ್ರಿಸ್‌ಮಸ್‌ಗಳು ಎಷ್ಟೋ. ಇಲ್ಲಿ ಬಾಗಿಲು ಹಾರುಹೊಡೆದಿತ್ತು, ಹಾಡು ರಸ್ತೆಗೆ ಕೇಳುತ್ತಿತ್ತು. ಅವಳು ಬಿಕ್ಕಿಬಿಕ್ಕಿ ಅತ್ತಳು. ಹೊರಗೆ ಬಂದಾಗ ಬಾಲ್ತಜಾರ್ ಬೆಂಚಿನ ಮೇಲೆ ಕೂತು ಉಗುರು ಕತ್ತರಿಸುತ್ತಿದ್ದ.

"ಅವರ ಭಾಷೆಯ ಮಿಸ್ಸಾ ಕೇಳಿ ಅಳುವಂಥದ್ದು ಎಂತ ಉಂಟು ನಿನಗೆ?" ಎಂದ.

ಅವಳು ಕಣ್ಣೊರೆಸಿಕೊಂಡಳು. ಈ ಮನುಷ್ಯನಿಗೆ ಇನ್ನು ಮುಂದೆ ಯಾವುದನ್ನೂ ವಿವರಿಸಿ ಹೇಳುವುದಿಲ್ಲ ಎಂದು ಅವತ್ತು ನಿಶ್ಚಯಿಸಿದಳು.

ಜನವರಿ ಮೊದಲ ವಾರ ಚಿಯಾಂಗ್ ರಾಯ್‌ಗೆ ಬಂದರು. ಅಲ್ಲಿ ಗೆಸ್ಟ್‌ಹೌಸಿನಲ್ಲಿ ದುಬಾಯಿಯಿಂದ ಬಂದ ಒಂದು ಜೋಡಿ ಸಿಕ್ಕಿತು. ಅವರು ಮೇಕಾಂಗ್ ನದಿಯ ದಡದ ಚಿಯಾಂಗ್ ಖೋಂಗ್‌ಗೆ ಹೋಗಿ, ಆಚೆ ದಡದ ಲಾವೋಸ್ ನೋಡಿಬಂದಿದ್ದರು. ದುಬಾಯಿಯವರು ನೋಡಿದ್ದನ್ನು ದಮ್ಮಾಮಿನ ಬಾಲ್ತಜಾರ್ ನೋಡದಿರುವುದುಂಟೆ! ಅನ್ನಾ ಬಟ್ಟೆ ಒಗೆಯುತ್ತಿದ್ದಾಗ ಹೋಗಿ ಇಬ್ಬರ ಟಿಕೆಟನ್ನೂ ಬುಧವಾರದಿಂದ ಭಾನುವಾರ, ಜನವರಿ ಹನ್ನೆರಡಕ್ಕೆ ಬದಲಿಸಿಕೊಂಡು ಬಂದ.

ಅನ್ನಾಳ ಕೈಯಿಂದ ಒದ್ದೆ ಅಂಗಿ ಕೆಳಗೆ ಬಿತ್ತು. "ಶನಿವಾರ ನನ್ನ ಡ್ಯೂಟಿ ಉಂಟು. ಗೊತ್ತುಂಟಲ್ಲ ನಿಮಗೆ?"

"ಎರಡು ದಿನ ತಡವಾದರೆ ಆಸ್ಪತ್ರೆ ಮುಳುಗುವುದಿಲ್ಲ."

"ನನಗೆ ಆ ಕೀಲಿಕೈ ಬೇಕು."

"ಲೈಫಲ್ಲಿ ಒಮ್ಮೆ ಬಂದದ್ದು ಮಾರಾಯ್ತಿ, ಕೀಲಿಕೈ ಕೀಲಿಕೈ ಅಂತ ಸಾಯ್ಬೇಡ."

ಅವಳು ಆಮೇಲೆ ಇನ್ನೊಂದು ಮಾತು ಹೇಳಿದಳು. ಹೇಳದಿದ್ದರೆ ತಪ್ಪಾಗುತ್ತದೆ ಎಂದು ಹೇಳಿದಳು. "ನಿಮ್ಮ ವೀಸಾ ಹನ್ನೆರಡರವರೆಗೆ ಇಲ್ಲ. ಅರಬ್ಬಿ ತಿಂಗಳಿಗೆ ಇಪ್ಪತ್ತೊಂಬತ್ತೋ ಮೂವತ್ತೋ ದಿನ. ಶಾಬಾನ್ ಗುರುವಾರ ಮುಗೀತದೆ. ಶುಕ್ರವಾರ ರಮ್ಜಾನ್."

ಬಾಲ್ತಜಾರ್ ಬಿದ್ದುಬಿದ್ದು ನಕ್ಕ. ದುಬಾಯಿಯ ಜೋಡಿಯನ್ನು ಕರೆದು ಅವರೆದುರು ಮತ್ತೆ ನಕ್ಕ. "ಕೇಳಿದ್ರಾ? ಇಡೀ ದಮ್ಮಾಮ್ ನನ್ನ ಹತ್ತಿರ ತಾರೀಕು ಕೇಳ್ಲಿಕ್ಕೆ ಬರ್ತದೆ. ಇವಳು ನನಗೆ ಕಲಿಸ್ತಾಳೆ! ನವೆಂಬರ್ ಹನ್ನೆರಡರಿಂದ ಜನವರಿ ಹನ್ನೆರಡು, ಎರಡು ತಿಂಗಳು. ಸಣ್ಣ ಮಕ್ಕಳಿಗೂ ಗೊತ್ತಾಗ್ತದೆ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹನ್ನೊಂದು ವರ್ಷ ಯಾರು ಮೊಲ ಹಿಡಿದುಕೊಟ್ಟರು ಎಂಬುದೇ ಗಂಡಸಿಗೆ ಮರೆತುಹೋಗಿತ್ತು.

ಅನ್ನಾ ಕೈ ಒರೆಸಿಕೊಂಡಳು. "ನನ್ನ ಪಾಸ್‌ಪೋರ್ಟ್, ಟಿಕೆಟ್ ಕೊಡಿ," ಎಂದಳು. ಎರಡೂ ಅವನ ಸೊಂಟದ ಚೀಲದಲ್ಲಿದ್ದವು. ದುಬಾಯಿಯವರ ಎದುರು ಇಲ್ಲವೆನ್ನುವುದು ಅವನ ದೊಡ್ಡಸ್ತಿಕೆಗೆ ಕಮ್ಮಿ. ಚೀಲ ಬಿಚ್ಚಿ ಮೇಜಿನ ಮೇಲೆ ಎಸೆದ.

"ತಕೋ, ಹೋಗು. ಬ್ಯಾಂಕಾಕ್ ಏರ್‌ಪೋರ್ಟಲ್ಲಿ ದಾರಿ ತಪ್ಪಿ ಅಳುವಾಗ ನನ್ನ ನೆನಪಾಗ್ತದೆ ನಿನಗೆ."

ವಿಮಾನ ಕಂಪೆನಿಯ ಕಚೇರಿಗೆ ಅವಳೊಬ್ಬಳೇ ನಡೆದುಹೋದಳು. ಬುಧವಾರದ ಸೀಟು ಇನ್ನೂ ಖಾಲಿಯಿತ್ತು, ತನ್ನದನ್ನು ವಾಪಸು ಮಾಡಿಸಿದಳು. ಗಾಜಿನಾಚೆಯ ಹುಡುಗಿ, ಗಂಡನ ಸೀಟೂ ಇದೆ, ಅದನ್ನೂ ಹಿಡಿದಿಡಲೇ ಎಂದು ಕೇಳಿದಳು. ಅನ್ನಾ ತನ್ನ ಟಿಕೆಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ, ಬೇಡ ಎಂದಳು.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ಬಾಲ್ತಜಾರ್ ಬಂದಿದ್ದ. ಕಳಿಸಿಕೊಡಲಿಕ್ಕಲ್ಲ, ಅವಳು ಹಿಂದೆ ತಿರುಗುವುದನ್ನು ನೋಡಲಿಕ್ಕೆ. ಬಸ್ಸಿನ ಮೆಟ್ಟಿಲಿನ ಮೇಲೆ ನಿಂತು ಅವಳು ಇನ್ನೊಮ್ಮೆ ಹೇಳಿದಳು: "ಗುರುವಾರ ಮುಗೀತದೆ."

"ಹೋಗು ಹೋಗು, ಮಹಾ ಪಂಡಿತೆ!" ಎಂದು ಅವನು ಕೈ ಬೀಸಿದ.

ಬಸ್ಸು ಊರು ದಾಟಿ ಗದ್ದೆಗಳ ನಡುವೆ ಸಾಗುವಾಗ ಅವಳಿಗೆ ಹಸಿವಾಯಿತು. ಪಕ್ಕದಲ್ಲಿ ಕೂತ ಅಜ್ಜಿ ಬಾಳೆಎಲೆ ಬಿಚ್ಚಿ ಅಂಟಕ್ಕಿ ಅನ್ನ ಕೊಟ್ಟಳು. ಎರಡು ತಿಂಗಳ ಪ್ರವಾಸದಲ್ಲಿ ಅನ್ನಾ ನೆಮ್ಮದಿಯಾಗಿ ಕಿಟಕಿಯಿಂದ ಹೊರಗೆ ನೋಡಿದ್ದು ಅವತ್ತೇ.

ದಮ್ಮಾಮಿನ ಪಕ್ಕದ ಧಹ್ರಾನ್ ವಿಮಾನ ನಿಲ್ದಾಣಕ್ಕೆ ಆಸ್ಪತ್ರೆಯ ವ್ಯಾನು ಬಂದಿತ್ತು. ಶುಕ್ರವಾರ ರಮ್ಜಾನ್ ಶುರುವಾಯಿತು. ಶನಿವಾರ ಬೆಳಿಗ್ಗೆ ಆರೂವರೆಗೆ ಮೇಟ್ರನ್ ಕೀಲಿಕೈಗಳ ಗೊಂಚಲನ್ನು ಅನ್ನಾಳ ಕೈಗೆ ಕೊಟ್ಟಳು, ಕ್ಯಾರಲ್ ಮುಖ ಊದಿಸಿಕೊಂಡೇ ಅಭಿನಂದಿಸಿದಳು. ಆ ದಿನವಿಡೀ ಅನ್ನಾ ಕುಳಿತದ್ದೇ ಇಲ್ಲ, ಹನ್ನೆರಡು ಯಂತ್ರ, ಉಪವಾಸ ಹಿಡಿಯುತ್ತೇನೆಂದು ಹಟ ಮಾಡುವ ರೋಗಿಗಳು. ಮಧ್ಯೆ ಒಂದೆರಡು ಸಲ ಗಂಡನ ನೆನಪಾಯಿತು. ಅವನು ಬಂದೇ ಬಿಟ್ಟರೆ ಎಂದು ಹೆದರಿದಳು. ಹಾಗೆನಿಸಿದ್ದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

ಭಾನುವಾರ ಮಧ್ಯಾಹ್ನ ವಿಭಾಗದ ಫೋನು ಬಡಿದುಕೊಂಡಿತು. ಬ್ಯಾಂಕಾಕಿನಿಂದ ಬಾಲ್ತಜಾರ್.

"ಅನ್ನಾ, ಇವರು ಹತ್ತಲಿಕ್ಕೆ ಬಿಡುವುದಿಲ್ಲ. ವೀಸಾ ಮುಗಿದಿದೆ ಅಂತಾರೆ. ಹುಚ್ಚರು! ಇವರಿಗೆ ಲೆಕ್ಕ ಬರುವುದಿಲ್ಲ. ಇವತ್ತು ಅರಬ್ಬಿ ತಾರೀಕು ಎಷ್ಟು?"

"ರಮ್ಜಾನ್ ಮೂರು."

ಆಚೆ ಕಡೆಯಿಂದ ಗರ್ಜನೆ ಬಂತು. ಜಟ್ಟಿ ಬಿದ್ದಿದ್ದ, ಮೀಸೆ ಮಾತ್ರ ಮಣ್ಣಾಗಿರಲಿಲ್ಲ. "ನಿನಗೆ ಗೊತ್ತಿತ್ತಲ್ಲ? ಗಟ್ಟಿಯಾಗಿ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ಹೆಂಡತಿಯಾದವಳು ಕೈಹಿಡಿದು ಎಳ್ಕೊಂಡು ಬರಬೇಕಿತ್ತು!"

"ಎರಡು ಸಲ ಹೇಳಿದೆ," ಎಂದಳು ಅನ್ನಾ. "ಮೂರನೇ ಸಲ ಹೇಳುವ ಮನಸ್ಸಾಗಲಿಲ್ಲ. ಬುಧವಾರಕ್ಕೆ ನಿಮ್ಮ ಸೀಟೂ ಇತ್ತು. ಬೇಡ ಅಂತ ಹೇಳಿದವಳು ನಾನೇ."

ಅವನಿಗೆ ಅದು ತಲೆಗೆ ಹೋಗಲೇ ಇಲ್ಲ. ತನಗೆ ಹೇಳಬೇಕಾದ್ದನ್ನು ಒಂದೇ ಉಸಿರಿಗೆ ಹೇಳಿದ: ತಾನು ಮಂಗಳೂರಿಗೆ ಹೋಗುವುದಂತೆ, ನಾಳೆಯೇ ಅವಳು ರಾಜೀನಾಮೆ ಕೊಟ್ಟು ಮನೆ ಖಾಲಿ ಮಾಡಿ ಬರುವುದಂತೆ, ಗಂಡನಿಲ್ಲದೆ ಹೆಂಗಸು ಗಲ್ಫಿನಲ್ಲಿ ಕೂತರೆ ಜನ ಏನೆಂದುಕೊಳ್ಳುತ್ತಾರಂತೆ.

"ಮನೆ ಖಾಲಿ ಮಾಡ್ತೇನೆ," ಎಂದಳು ಅನ್ನಾ. "ನಿಮ್ಮ ಸಾಮಾನು ಕಾರ್ಗೋದಲ್ಲಿ ಕಳಿಸ್ತೇನೆ. ನನಗೆ ಹಾಸ್ಟೆಲಲ್ಲಿ ರೂಮು ಕೊಡ್ತಾರೆ."

"ಹಾಸ್ಟೆಲಾ? ಮತ್ತೆ ನೀನು ಬರುವುದು ಯಾವಾಗ?"

"ನಾನು ಬರುವುದಿಲ್ಲ ಬಾಲ್ತು."

ನಾಲ್ಕನೇ ಹಾಸಿಗೆಯ ಯಂತ್ರ ಕೂಗತೊಡಗಿತು. ಅನ್ನಾ ರಿಸೀವರ್ ಇಟ್ಟು ಅತ್ತ ಹೋದಳು.