ಜೋಡಿಯಲ್ಲದ ಎರಡು ಕಾರ್ಡು

ಗೆಳೆಯರೇ, ಇವತ್ತು ಮಧ್ಯಾಹ್ನದೊಳಗೆ ಅಕ್ಕನ ಮಗಳು ಸವಿತಾ ತನ್ನ ಮೊದಲ ಆರ್ಡರಿನ ಜೀನ್ಸ್ ಡಿಸೈನ್ ಕಳಿಸಬೇಕಿತ್ತು. ಬೆಳಿಗ್ಗೆ ಧೂಳು ಒರೆಸಲು ಅವಳ ಕಂಪ್ಯೂಟರ್ ಬಿಚ್ಚಿದರೆ ಒಳಗೆ ಒಂದು ಹಳೆಯ, ಒಂದು ಹೊಸ ಗ್ರಾಫಿಕ್ಸ್ ಕಾರ್ಡ್. ಬೇರೆ ಬೇರೆ ಥಾನಿನ, ಅಂದರೆ ಬೇರೆ ಸುರುಳಿಯ ಬಟ್ಟೆಯಲ್ಲಿ ಒಂದೇ ಪ್ಯಾಂಟ್ ಕತ್ತರಿಸಿದರೆ, ಒಗೆದ ಮೇಲೆ ಕಾಲಿಗೊಂದು ಬಣ್ಣ ಬರುತ್ತದೆ. ರಾಯದುರ್ಗದ ಹೆಸರಾಂತ ಕಟಿಂಗ್ ಮಾಸ್ಟರ್ ನಾನು, ಬಿಡುತ್ತೇನೆಯೇ? ಇದೂ ಹಾಗೆಯೇ ಎಂದುಕೊಂಡು ಹಳೆಯ ಕಾರ್ಡನ್ನು ಕಿತ್ತಿಟ್ಟೆ. ಅವಳು ಬಂದು ಸ್ವಿಚ್ ಹಾಕಿದಾಗ ಅವಳ ಮೇಜಿನ ಎರಡು ಪರದೆಗಳಲ್ಲಿ ಒಂದು ಹೊತ್ತಲೇ ಇಲ್ಲ.

“ಯಾಕ ತೆಗದ್ರಿ ಮಾಮಾ? ಒಂದೊಂದು ಕಾರ್ಡು ಒಂದೊಂದು ಪರದೆ ನೋಡ್ಕೊಂತೈತ್ರಿ. ನಿಮ್ಮ ಜೀನ್ಸ್ ಯೂನಿಟ್‌ನ್ಯಾಗ ಹೊಲಿಯೋ ಮಿಷಿನ್ನು, ಗುಂಡಿಗೆ ತೂತು ಹಾಕೋ ಕಾಜಾ ಮಿಷಿನ್ನು ಒಂದ ಥರ ಅದಾವೇನ್ರಿ?”

ಅವಳು ಕಾರ್ಡನ್ನು ಮತ್ತೆ ಕೂರಿಸಿ, ಡಿಸೈನನ್ನು ವೇಳೆಗೆ ಸರಿಯಾಗಿ ಕಳಿಸಿದಳು. ಗೊತ್ತಿದ್ದ ಒಂದೇ ಕೆಲಸದ ಅಳತೆಯಲ್ಲಿ ಎಲ್ಲವನ್ನೂ ಅಳೆಯುತ್ತಿದ್ದೆ ಅನಿಸಿತು. ಅವಳ ಮುಂದೆ ಮಾತ್ರ ಒಪ್ಪಿಕೊಂಡಿಲ್ಲ, ನಿಮಗಷ್ಟೇ ಹೇಳುತ್ತಿದ್ದೇನೆ.